ಬೆಳ್ಳಿ ಡಾಲರಿನ ದರ್ಜೆ ಯಾವುದು, ಸಲ್ಲುವ ಬೆಲೆ ಎಷ್ಟು?

ನಮ್ಮ ಮನೆಗಳಲ್ಲಿ ಬೆಳ್ಳಿಯ ಬೆಲೆಯನ್ನು ಹೇಳುವುದು ತಕ್ಕಡಿ. ಆರತಿಯ ತಟ್ಟೆಯಾಗಲಿ, ಕರಡಿಗೆಯಾಗಲಿ, ಕಾಲುಂಗುರವಾಗಲಿ, ಅದನ್ನು ತೂಗಿ, ಅಂದಿನ ಚಿನಿವಾರ ಪೇಟೆಯ ಧಾರಣೆಯಿಂದ ಗುಣಿಸಿ, ಕೊಳ್ಳುವಾಗ ಮಜೂರಿಯನ್ನು ಕೂಡಿಸಿ, ಮಾರುವಾಗ ಸವಕಳಿಯನ್ನು ಕಳೆದು ಬೆಲೆ ಕಟ್ಟುತ್ತೇವೆ. ತಲೆಮಾರುಗಳಿಂದ ಬಂದ ಈ ಲೆಕ್ಕದಲ್ಲಿ ಮೋಸ ಹೋಗುವ ಸಂಭವ ಕಡಿಮೆ. ಆದರೆ ಕೆಲವು ದಶಕಗಳಿಂದ ನಮ್ಮ ಮನೆಗಳ ಪೆಟ್ಟಿಗೆಗಳಿಗೆ ಈ ಲೆಕ್ಕಕ್ಕೆ ಒಗ್ಗದ ಒಂದು ಬೆಳ್ಳಿಯ ವಸ್ತು ಬಂದು ಸೇರುತ್ತಿದೆ. ಅದು ಅಮೆರಿಕದ ಹಳೆಯ ಬೆಳ್ಳಿ ಡಾಲರು. ಅಲ್ಲಿ ನೆಲೆಸಿರುವ ಮಗನೋ ಮಗಳೋ ತೊಟ್ಟಿಲ ಶಾಸ್ತ್ರಕ್ಕೆಂದು, ಮದುವೆಗೆಂದು, ತಂದೆ ತಾಯಿಯರ ಷಷ್ಟಿಪೂರ್ತಿಗೆಂದು ಇದನ್ನು ತಂದುಕೊಡುತ್ತಾರೆ. ತಂದವರು ಎಷ್ಟು ಕೊಟ್ಟರೆಂಬುದು ಇಲ್ಲಿರುವವರಿಗೆ ತಿಳಿಯದು. ಕೊಟ್ಟ ಬೆಲೆ ಸರಿಯಾದುದೇ ಎಂಬುದು ಎಷ್ಟೋ ವೇಳೆ ತಂದವರಿಗೂ ತಿಳಿಯದು. ಒಂದೇ ಇಸವಿಯ, ಒಂದೇ ತೂಕದ, ಒಂದೇ ಟಂಕಸಾಲೆಯ ಎರಡು ಡಾಲರುಗಳಲ್ಲಿ ಒಂದಕ್ಕೆ ಬೆಳ್ಳಿಯ ಬೆಲೆಗಿಂತ ತುಸು ಹೆಚ್ಚು ಬಂದರೆ, ಮತ್ತೊಂದಕ್ಕೆ ಅದರ ಸಾವಿರ ಪಟ್ಟು ಬರುವುದುಂಟು ಎಂದರೆ ನಂಬುವುದು ಕಷ್ಟ. ಈ ಅಂತರ ಎಲ್ಲಿಂದ ಹುಟ್ಟುತ್ತದೆ ಎಂಬುದನ್ನು ಓದುಗರೊಡನೆ ಸ್ವಲ್ಪ ವಿವರವಾಗಿ ವಿಚಾರ ಮಾಡಬೇಕೆಂಬುದು ನಮ್ಮ ಉದ್ದೇಶ.

ಮೊದಲು ಕೈಯಲ್ಲಿರುವುದು ಯಾವ ಡಾಲರೆಂಬುದು ಗೊತ್ತಾಗಬೇಕು. ಸಂಗ್ರಾಹಕರು ಅತ್ಯಂತ ಹೆಚ್ಚಾಗಿ ಕೂಡಿಡುವುದು ಮಾರ್ಗನ್ ಡಾಲರನ್ನು. ಇಂಗ್ಲೆಂಡಿನಿಂದ ಬಂದು ಫಿಲಡೆಲ್ಫಿಯಾದ ಟಂಕಸಾಲೆಯಲ್ಲಿ ಕೆತ್ತನೆಗಾರರಾಗಿದ್ದ ಜಾರ್ಜ್ ಮಾರ್ಗನ್ ಇದನ್ನು ರೂಪಿಸಿದರು. ಒಂದು ಮುಖದಲ್ಲಿ ಸ್ವಾತಂತ್ರ್ಯದೇವಿಯ ತಲೆ, ಮತ್ತೊಂದರಲ್ಲಿ ರೆಕ್ಕೆ ಬಿಚ್ಚಿದ ಗರುಡ. ದೇವಿಯ ಮುಖಕ್ಕೆ ಮಾದರಿಯಾದವರು ಅನ್ನಾ ವಿಲಿಯಮ್ಸ್ ಎಂಬ ಫಿಲಡೆಲ್ಫಿಯಾದ ತರುಣಿ. ಆಕೆ ಮುಂದೆ ಶಾಲಾ ಶಿಕ್ಷಕಿಯಾಗಿದ್ದರು. 1878ರಿಂದ 1904ರವರೆಗೆ, ಆಮೇಲೆ 1921ರಲ್ಲಿ ಒಂದು ವರ್ಷ ಈ ನಾಣ್ಯ ಅಚ್ಚಾಯಿತು. 1921ರ ಕೊನೆಯಲ್ಲಿ ಇದರ ಸ್ಥಾನಕ್ಕೆ ಆಂಟನಿ ಡಿ ಫ್ರಾನ್ಸಿಸ್ಕಿ ರೂಪಿಸಿದ ಪೀಸ್ ಡಾಲರು, ಅಂದರೆ ಮೊದಲ ಮಹಾಯುದ್ಧಾನಂತರದ ಶಾಂತಿಯ ಡಾಲರು ಬಂದಿತು. ಅದು 1928ರವರೆಗೂ, ಮತ್ತೆ 1934 ಮತ್ತು 1935ರಲ್ಲೂ ಅಚ್ಚಾಯಿತು.

ಇವೆರಡರ ಜೊತೆಗೆ ಬೆರೆತುಹೋಗುವ ಬೇರೆ ಡಾಲರುಗಳೂ ಇವೆ. 1971ರಿಂದ 1978ರವರೆಗೆ ಬಂದ ಐಸೆನ್‌ಹೋವರ್ ಡಾಲರು ನೋಟಕ್ಕೆ ಬೆಳ್ಳಿಯಂತೆಯೇ ಇದ್ದರೂ ಚಲಾವಣೆಗೆ ಬಂದ ನಾಣ್ಯಗಳಲ್ಲಿ ಬೆಳ್ಳಿಯ ಲೇಶವೂ ಇಲ್ಲ. ಅವು ತಾಮ್ರ ಮತ್ತು ನಿಕಲ್ಲಿನವು. ಸಂಗ್ರಾಹಕರಿಗೆಂದೇ ಅಚ್ಚಾದ ಕೆಲವಲ್ಲಿ ಮಾತ್ರ ನೂರಕ್ಕೆ 40ರಷ್ಟು ಬೆಳ್ಳಿಯಿದೆ. 1986ರಿಂದ ಬರುತ್ತಿರುವ ಅಮೆರಿಕನ್ ಈಗಲ್ ಎಂಬ ಒಂದು ಔನ್ಸಿನ ನಾಣ್ಯವಾದರೋ ಚೊಕ್ಕ ಬೆಳ್ಳಿಯದು. ಅದನ್ನು ಸಾಮಾನ್ಯವಾಗಿ ಬೆಳ್ಳಿಯ ಗಟ್ಟಿಯಂತೆಯೇ ಕೊಡಬಹುದು, ಕೊಳ್ಳಬಹುದು. 2021ರಲ್ಲಿ ನೂರು ವರ್ಷದ ನೆನಪಿಗೆಂದು ಮಾರ್ಗನ್ ಮತ್ತು ಪೀಸ್ ಡಾಲರುಗಳನ್ನು ಹಳೆಯ ಚಿತ್ರದಲ್ಲೇ ಹೊಸದಾಗಿ ಅಚ್ಚು ಹಾಕಿದ್ದಾರೆ. ಇಸವಿಯನ್ನು ಓದಿದರೆ ಈ ಗೊಂದಲ ತೀರುತ್ತದೆ.

ಇನ್ನು ಲೋಹದ ಲೆಕ್ಕ. ಮಾರ್ಗನ್ ಮತ್ತು ಪೀಸ್ ಡಾಲರುಗಳೆರಡರ ತೂಕವೂ 26.73 ಗ್ರಾಂ, ವ್ಯಾಸ 38.1 ಮಿಲಿಮೀಟರು. ನೂರರಲ್ಲಿ 90 ಪಾಲು ಬೆಳ್ಳಿ, 10 ಪಾಲು ತಾಮ್ರ. ಚೊಕ್ಕ ಬೆಳ್ಳಿ 24.06 ಗ್ರಾಂ, ಅಂದರೆ ಟ್ರಾಯ್ ಔನ್ಸಿನ 0.7734 ಭಾಗ. ಅಮೆರಿಕದಲ್ಲಿ ಔನ್ಸಿಗೆ 30 ಡಾಲರು ಧಾರಣೆಯಿದ್ದ ದಿನ ಇದರ ಲೋಹದ ಬೆಲೆ 23 ಡಾಲರು 20 ಸೆಂಟು, 50 ಇದ್ದ ದಿನ 38 ಡಾಲರು 67 ಸೆಂಟು. ಈ ಗುಣಾಕಾರವನ್ನು ಕೊಳ್ಳುವ ದಿನವೇ ಮಾಡಬೇಕು, ಏಕೆಂದರೆ ಬೆಳ್ಳಿಯ ಧಾರಣೆ ಒಂದೆಡೆ ನಿಲ್ಲುವಂಥದಲ್ಲ. 1980ರ ಜನವರಿಯಲ್ಲಿ ಹಂಟ್ ಸಹೋದರರ ಖರೀದಿಯ ಭರಾಟೆಯಲ್ಲಿ ಔನ್ಸಿನ ಧಾರಣೆ 50 ಡಾಲರಿನ ಸಮೀಪಕ್ಕೇರಿ, ಮಾರ್ಚ್ ತಿಂಗಳಲ್ಲಿ ಕುಸಿದುಬಿದ್ದಿತು. ಆಗ ಸಾಧಾರಣ ಡಾಲರುಗಳೆಷ್ಟೋ ಕುಲುಮೆಯ ಪಾಲಾದವು. ಅದೇನೇ ಇರಲಿ, ಲೋಹದ ಬೆಲೆ ಎಂಬುದು ನೆಲ. ಅಸಲಿ ನಾಣ್ಯ ಎಷ್ಟೇ ಸವೆದಿದ್ದರೂ ಅದಕ್ಕಿಂತ ಬಹಳ ಕೆಳಗೆ ಇಳಿಯದು. ನೆಲದ ಮೇಲೆ ಎಷ್ಟು ಅಂತಸ್ತು ಎದ್ದಿದೆ ಎಂಬುದೇ ಪ್ರಶ್ನೆ.

ಆ ಅಂತಸ್ತನ್ನು ಹಳಮೆ ಕಟ್ಟುವುದಿಲ್ಲ. ನಮ್ಮ ಜನರಲ್ಲಿ ‘ನೂರು ವರ್ಷದ ನಾಣ್ಯ’ ಎಂದೊಡನೆ ಬೆಲೆ ಹೆಚ್ಚೆಂಬ ಭಾವನೆಯಿದೆ. 1921ರ ಮಾರ್ಗನ್ ಡಾಲರಿಗೂ ನೂರು ವರ್ಷ ಕಳೆದಿದೆ. ಆದರೆ ಆ ಒಂದೇ ವರ್ಷದಲ್ಲಿ ಮೂರು ಟಂಕಸಾಲೆಗಳಿಂದ ಎಂಟು ಕೋಟಿಗೂ ಮಿಕ್ಕಿ ಅಚ್ಚಾದ ಕಾರಣ ಅದು ಎಲ್ಲೆಲ್ಲೂ ಸಿಕ್ಕುತ್ತದೆ. ಎಷ್ಟು ಅಚ್ಚಾದವೆಂಬ ಅಂಕಿಯೂ ಕೊನೆಯ ಮಾತಲ್ಲ, ಎಷ್ಟು ಉಳಿದಿವೆ ಎಂಬುದು ಮುಖ್ಯ. ಇಲ್ಲಿಯೇ ಈ ಪರದೇಶದ ನಾಣ್ಯದ ಕಥೆ ನಮ್ಮ ಅಜ್ಜಿಯರ ಪೆಟ್ಟಿಗೆಯವರೆಗೆ ಬಂದು ಮುಟ್ಟುತ್ತದೆ.

ಮೊದಲ ಮಹಾಯುದ್ಧದ ಕಾಲದಲ್ಲಿ ಹಿಂದೂಸ್ಥಾನದಿಂದ ಗೋಧಿ, ಸೆಣಬು, ತೊಗಲು ಮೊದಲಾದ ಸರಕುಗಳು ಅಪಾರವಾಗಿ ಹೊರಗೆ ಹೋದವು. ಅದಕ್ಕೆ ಪ್ರತಿಯಾಗಿ ಸರಕಾರ ಬೆಳ್ಳಿಯ ರೂಪಾಯಿ ಕೊಡಬೇಕಾಯಿತು. ಕೈಗೆ ಬಂದ ರೂಪಾಯಿಯನ್ನು ರೈತರು ಹೂತಿಟ್ಟರು, ಒಡವೆ ಮಾಡಿಸಿದರು. ನೋಟಿನ ಮೇಲೆ ಜನರಿಗೆ ನಂಬಿಕೆಯಿರಲಿಲ್ಲ. 1917ರ ಕೊನೆಯಲ್ಲಿ ಒಂದು ರೂಪಾಯಿಯ ನೋಟನ್ನೂ, 1918ರಲ್ಲಿ ಎರಡೂವರೆ ರೂಪಾಯಿಯ ನೋಟನ್ನೂ ಸರಕಾರ ಹೊರಡಿಸಿದ್ದು ಈ ಬೆಳ್ಳಿಯ ಬರಗಾಲದಿಂದಲೇ. 1918ರ ವಸಂತದ ಹೊತ್ತಿಗೆ ನೋಟು ಕೊಟ್ಟು ಬೆಳ್ಳಿ ಕೇಳುವವರ ನೂಕುನುಗ್ಗಲು ಹೆಚ್ಚಿ ಸರಕಾರದ ಬೊಕ್ಕಸ ಬರಿದಾಗುವ ಹಂತಕ್ಕೆ ಬಂದಿತು. ಬ್ರಿಟಿಷರು ಅಮೆರಿಕದ ಮೊರೆಹೊಕ್ಕರು. ಅಲ್ಲಿಯ ಸರಕಾರದ ಉಗ್ರಾಣಗಳಲ್ಲಿ ಕೋಟಿಗಟ್ಟಲೆ ಬೆಳ್ಳಿ ಡಾಲರುಗಳು ಚೀಲಗಳಲ್ಲಿ ಸುಮ್ಮನೆ ಬಿದ್ದಿದ್ದವು. ನೆವಾಡಾದ ಸೆನೆಟರ್ ಪಿಟ್‌ಮನ್ ಅವರ ಹೆಸರಿನ ಕಾಯಿದೆ 1918ರ ಏಪ್ರಿಲ್ 23ರಂದು ಅಂಗೀಕಾರವಾಗಿ, 27,02,32,722 ಡಾಲರುಗಳನ್ನು ಕರಗಿಸಲಾಯಿತು. ಅವುಗಳ ಪೈಕಿ 25 ಕೋಟಿ 91 ಲಕ್ಷಕ್ಕೂ ಹೆಚ್ಚು ಡಾಲರುಗಳ ಬೆಳ್ಳಿಯನ್ನು ಬ್ರಿಟಿಷ್ ಸರಕಾರ ಕೊಂಡುಕೊಂಡಿತು, ಮುಖ್ಯವಾಗಿ ಹಿಂದೂಸ್ಥಾನದ ಟಂಕಸಾಲೆಗಳಿಗಾಗಿ. ಒಂದು ಡಾಲರಿನ ಬೆಳ್ಳಿಯಲ್ಲಿ ಸುಮಾರು ಎರಡೂಕಾಲು ರೂಪಾಯಿ ಅಚ್ಚು ಹಾಕಬಹುದು. ಐದನೆಯ ಜಾರ್ಜ್ ದೊರೆಯ ಚಿತ್ರವಿರುವ 1918, 1919, 1920ರ ರೂಪಾಯಿ ನಿಮ್ಮ ಮನೆಯಲ್ಲಿದ್ದರೆ, ಅದರ ಬೆಳ್ಳಿ ಒಂದು ಕಾಲಕ್ಕೆ ಮಾರ್ಗನ್ ಡಾಲರಾಗಿ ನ್ಯೂ ಆರ್ಲಿಯನ್ಸಿನಲ್ಲೋ ಫಿಲಡೆಲ್ಫಿಯಾದಲ್ಲೋ ಚೀಲದಲ್ಲಿ ಮಲಗಿದ್ದಿರಬಹುದು.

ಕರಗಿಸುವಾಗ ಯಾವ ಇಸವಿಯ ಡಾಲರು ಎಷ್ಟು ಹೋದವೆಂದು ಯಾರೂ ಬರೆದಿಡಲಿಲ್ಲ. ಹೀಗಾಗಿ ಅಚ್ಚಾದ ಸಂಖ್ಯೆಯ ಪಟ್ಟಿ ನೋಡಿ ಬೆಲೆ ಕಟ್ಟುವವನು ಕತ್ತಲಲ್ಲಿ ನಡೆದಂತೆಯೇ ಸರಿ. 1903ರಲ್ಲಿ ನ್ಯೂ ಆರ್ಲಿಯನ್ಸಿನಲ್ಲಿ ನಲವತ್ತನಾಲ್ಕು ಲಕ್ಷಕ್ಕೂ ಹೆಚ್ಚು ಡಾಲರು ಅಚ್ಚಾದರೂ, ಅವು ಕಾಣಸಿಗುತ್ತಲೇ ಇರಲಿಲ್ಲ. ಬಹುಪಾಲು ಕರಗಿಹೋದವೆಂದೇ ಎಲ್ಲರೂ ಎಣಿಸಿದ್ದರು. 1962ರ ಬೆಲೆಪಟ್ಟಿಯಲ್ಲಿ ಬಳಸದ ಸ್ಥಿತಿಯ ಒಂದು ನಾಣ್ಯಕ್ಕೆ 1,500 ಡಾಲರು ಎಂದಿತ್ತು. ಅದೇ ವರ್ಷದ ಕೊನೆಯಲ್ಲಿ ಸರಕಾರದ ಭದ್ರಕೋಣೆಯಿಂದ ಮೂಟೆಮೂಟೆಯಾಗಿ ಆ ನಾಣ್ಯ ಹೊರಬಂದಿತು. ಬೆಲೆ ಕೆಲವೇ ತಿಂಗಳುಗಳಲ್ಲಿ ಕೆಲವು ಹತ್ತುಗಳಿಗೆ ಇಳಿಯಿತು. ನೆವಾಡಾದ ಕಾರ್ಸನ್ ಸಿಟಿ ಟಂಕಸಾಲೆಯ ಡಾಲರುಗಳ ವಿಷಯವೂ ಸ್ವಲ್ಪ ಇಂಥದೇ. 1964ರಲ್ಲಿ ಖಜಾನೆಯಲ್ಲಿ ಉಳಿದಿದ್ದ ಸುಮಾರು ಮೂವತ್ತು ಲಕ್ಷ ನಾಣ್ಯಗಳನ್ನು ಸರಕಾರವೇ 1972ರಿಂದ 1980ರ ನಡುವೆ ಅಂಚೆಯ ಮೂಲಕ ಮಾರಿತು. ಅವುಗಳಲ್ಲಿ ಬಹುಪಾಲು ಕಾರ್ಸನ್ ಸಿಟಿಯವು. ಆ ಟಂಕಸಾಲೆಯ ಹೆಸರಿಗೆ ಮೋಹವಿರುವುದರಿಂದ ಅವುಗಳ ಬೆಲೆ ಇಂದಿಗೂ ಕೆಳಗಿಳಿದಿಲ್ಲವೆನ್ನುವುದು ಬೇರೆ ಮಾತು.

ಟಂಕಸಾಲೆಯ ಗುರುತು ಮಾರ್ಗನ್ ಡಾಲರಿನ ಗರುಡನ ಮುಖದಲ್ಲಿ, ಎಲೆಮಾಲೆಯ ಗಂಟಿನ ಕೆಳಗಿದೆ. ಎಸ್ ಇದ್ದರೆ ಸ್ಯಾನ್ ಫ್ರಾನ್ಸಿಸ್ಕೊ, ಓ ಇದ್ದರೆ ನ್ಯೂ ಆರ್ಲಿಯನ್ಸ್, ಎರಡು ಸಿ ಇದ್ದರೆ ಕಾರ್ಸನ್ ಸಿಟಿ, ಡಿ ಇದ್ದರೆ ಡೆನ್ವರ್. ಏನೂ ಇಲ್ಲದಿದ್ದರೆ ಫಿಲಡೆಲ್ಫಿಯಾ. ಈ ಒಂದು ಅಕ್ಷರಕ್ಕಾಗಿ ಭೂತಗನ್ನಡಿ ಹಿಡಿಯುವುದು ವ್ಯರ್ಥವಲ್ಲ.

ಇಸವಿ, ಅಕ್ಷರ ತಿಳಿದ ಮೇಲೆ ಬರುವುದು ದರ್ಜೆ. ನಾಣ್ಯವು ಅಚ್ಚಿನಿಂದ ಹೊರಬಿದ್ದ ಗಳಿಗೆಯಲ್ಲಿ ಹೇಗಿತ್ತೋ, ಅಲ್ಲಿಂದ ಎಷ್ಟು ಕೆಟ್ಟಿದೆ ಎಂಬುದರ ಅಳತೆಯೇ ದರ್ಜೆ. 1949ರಲ್ಲಿ ವಿಲಿಯಂ ಶೆಲ್ಡನ್ ಎಂಬ ಮನಶ್ಶಾಸ್ತ್ರಜ್ಞರು ಅಮೆರಿಕದ ಹಳೆಯ ತಾಮ್ರದ ಸೆಂಟುಗಳ ಮೇಲೆ ಬರೆದ ಗ್ರಂಥದಲ್ಲಿ 1ರಿಂದ 70ರವರೆಗಿನ ಮಾನವೊಂದನ್ನು ಸೂಚಿಸಿದರು. ಅವರ ಎಣಿಕೆಯಲ್ಲಿ ಅದು ಬೆಲೆಯ ಮಾನವೂ ಆಗಿತ್ತು. 1ರ ದರ್ಜೆಯ ನಾಣ್ಯಕ್ಕೆ ಒಂದು ಡಾಲರಾದರೆ 70ರದಕ್ಕೆ ಎಪ್ಪತ್ತು. ಪೇಟೆಯಲ್ಲಿ ಆ ಅನುಪಾತ ಬೇಗನೆ ಮುರಿದುಬಿದ್ದರೂ ಅಂಕಿಗಳು ಉಳಿದವು, ಮುಂದೆ ಎಲ್ಲ ನಾಣ್ಯಗಳಿಗೂ ಅನ್ವಯವಾದವು. ಇದೇ ಶೆಲ್ಡನ್ನರು ನ್ಯೂಯಾರ್ಕಿನ ಅಮೆರಿಕನ್ ನ್ಯೂಮಿಸ್ಮ್ಯಾಟಿಕ್ ಸೊಸೈಟಿಯ ಸಂಗ್ರಹದಿಂದ ಉತ್ತಮ ದರ್ಜೆಯ ಸೆಂಟುಗಳನ್ನು ತೆಗೆದುಕೊಂಡು ಅವುಗಳ ಜಾಗದಲ್ಲಿ ತಮ್ಮ ಕೀಳು ದರ್ಜೆಯವನ್ನು ಇಟ್ಟಿದ್ದ ಸಂಗತಿ ಅವರ ಮರಣಾನಂತರ ಹೊರಬಿದ್ದಿತು. ದರ್ಜೆಯ ಬೆಲೆ ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತಿರಲು ಸಾಧ್ಯ!

ಈ ಮಾನದ ಹೆಸರುಗಳು ನಮ್ಮವರನ್ನು ದಾರಿ ತಪ್ಪಿಸುವಂತಿವೆ. ‘ಗುಡ್’ ಎಂದರೆ ಚೆನ್ನಾಗಿದೆ ಎಂದಲ್ಲ. ಅದು 4ರ ಅಂಕಿಯ, ಚಿತ್ರದ ಹೊರಗೆರೆ ಮಾತ್ರ ಉಳಿದ ಸವಕಲು ನಾಣ್ಯ. ‘ಫೈನ್’ ಎಂದರೆ 12, ‘ವೆರಿ ಫೈನ್’ 20ರಿಂದ 35, ‘ಎಕ್ಸ್‌ಟ್ರೀಮ್ಲಿ ಫೈನ್’ 40 ಮತ್ತು 45. 50ರಿಂದ 58ರವರೆಗೆ ಸ್ವಲ್ಪವೇ ಕೈಬದಲಾದ ನಾಣ್ಯಗಳು. 60ರಿಂದ ಮೇಲಿನವು ಚಲಾವಣೆಗೆ ಇಳಿಯದವು. ಇವನ್ನು ‘ಮಿಂಟ್ ಸ್ಟೇಟ್’ ಎನ್ನುತ್ತಾರೆ.

ಸವೆತ ನೋಡಲು ಎಲ್ಲಕ್ಕಿಂತ ಎತ್ತರದ ಜಾಗಗಳನ್ನು ನೋಡಬೇಕು. ಮಾರ್ಗನ್ ಡಾಲರಿನಲ್ಲಿ ಅವು ದೇವಿಯ ಕಿವಿಯ ಮೇಲಿನ ಕೂದಲು, ಹಣೆಯ ಮೇಲಿನ ಕೂದಲು, ಕೆನ್ನೆ, ಮತ್ತು ಹಿಂದಿನ ಮುಖದಲ್ಲಿ ಗರುಡನ ಎದೆ. ಕಿವಿಯ ಮೇಲಿನ ಕೂದಲಿನ ಎಳೆಗಳು ಸಮತಟ್ಟಾಗಿ ಎದೆಯ ಗರಿಗಳು ಅಳಿಸಿದ್ದರೆ ನಾಣ್ಯ ಬಹಳ ಕೈ ಕಂಡಿದೆ. ಎಳೆಗಳು ಬಹುಪಾಲು ಬಿಡಿಬಿಡಿಯಾಗಿ ಕಂಡರೆ 40ರ ಮೇಲಿನದು. ಆದರೆ ಇಲ್ಲೊಂದು ತೊಡಕಿದೆ. ನ್ಯೂ ಆರ್ಲಿಯನ್ಸಿನ ಎಷ್ಟೋ ಡಾಲರುಗಳಲ್ಲಿ ಅಚ್ಚಿನ ಪೆಟ್ಟೇ ಮೆದುವಾಗಿ ಬಿದ್ದಿತ್ತು. ಒಂದು ದಿನವೂ ಚಲಾವಣೆಯಾಗದ ನಾಣ್ಯದಲ್ಲಿಯೂ ಕಿವಿಯ ಮೇಲಿನ ಕೂದಲು ಮೂಡಿರುವುದಿಲ್ಲ. ಅದನ್ನು ಸವೆತವೆಂದು ತಿಳಿದವನು ಕಡಿಮೆ ಬೆಲೆಗೆ ಮಾರಿಬಿಡುತ್ತಾನೆ. ಸವೆತವನ್ನು ‘ಮೆದು ಪೆಟ್ಟು’ ಎಂದು ನಂಬಿಸಿ ಹೆಚ್ಚು ಬೆಲೆಗೆ ಮಾರುವವರೂ ಇದ್ದಾರೆ.

ಇವೆರಡನ್ನು ಬಿಡಿಸಿ ಹೇಳುವುದು ಹೊಳಪು. ಕೋಣೆಯ ಬೇರೆ ದೀಪಗಳನ್ನು ಆರಿಸಿ, ಒಂದೇ ಒಂದು ಬಲ್ಬಿನ ಕೆಳಗೆ ನಾಣ್ಯವನ್ನು ಅಂಚಿನಲ್ಲಿ ಹಿಡಿದು ನಿಧಾನವಾಗಿ ಓರೆಮಾಡಿ ತಿರುಗಿಸಿರಿ. ಬಳಸದ ನಾಣ್ಯದಲ್ಲಿ ನಡುವಿನಿಂದ ಅಂಚಿನ ಕಡೆಗೆ ಬೆಳಕಿನ ಪಟ್ಟಿಗಳು ಬಂಡಿಯ ಚಕ್ರದ ಅರೆಗಳಂತೆ ಸುತ್ತುತ್ತವೆ. ಅಚ್ಚು ಬಿದ್ದಾಗ ಲೋಹ ಹೊರಕ್ಕೆ ಹರಿದು ಉಂಟಾದ ಸೂಕ್ಷ್ಮವಾದ ಗೆರೆಗಳೇ ಈ ಬೆಳಕಿಗೆ ಕಾರಣ. ಕಿವಿಯ ಮೇಲೆ ಕೂದಲು ಮೂಡದಿದ್ದರೂ ಆ ಜಾಗದಲ್ಲಿ ಬೆಳಕಿನ ಪಟ್ಟಿ ಕಡಿಯದೆ ಹಾಯ್ದುಹೋದರೆ ಅದು ಮೆದು ಪೆಟ್ಟು. ಅಲ್ಲಿ ಬಂದು ಬೆಳಕು ತುಂಡಾಗಿ, ಬೂದು ಬಣ್ಣದ ಮಂಕು ಕಂಡರೆ ಅದು ಸವೆತ. 58 ಮತ್ತು 60ರ ನಡುವಿನ ಗಡಿ ಈ ಮಂಕಿನಲ್ಲಿದೆ.

60ರ ಮೇಲಿನ ಹನ್ನೊಂದು ಮೆಟ್ಟಲುಗಳು ಇನ್ನೂ ಸೂಕ್ಷ್ಮ. ಟಂಕಸಾಲೆಯಿಂದ ಡಾಲರುಗಳನ್ನು ಸಾವಿರದ ಲೆಕ್ಕದಲ್ಲಿ ಬಟ್ಟೆಯ ಚೀಲಗಳಿಗೆ ತುಂಬುತ್ತಿದ್ದರು. ಒಂದು ಚೀಲದ ತೂಕ ಇಪ್ಪತ್ತಾರೂವರೆ ಕಿಲೋಗೂ ಮಿಕ್ಕಿದ್ದು. ಅದನ್ನು ಎತ್ತಿ ಒಗೆಯುವಾಗ ನಾಣ್ಯಕ್ಕೆ ನಾಣ್ಯ ತಾಗಿ ಆದ ಕಚ್ಚುಗಳೇ ಈ ಮೆಟ್ಟಲುಗಳನ್ನು ನಿರ್ಣಯಿಸುತ್ತವೆ. ಅದೇ ಕಚ್ಚು ಗರುಡನ ಗರಿಗಳ ನಡುವೆ ಇದ್ದರೆ ಕಣ್ಣಿಗೆ ಬೀಳದು, ದೇವಿಯ ನುಣುಪಾದ ಕೆನ್ನೆಯ ಮೇಲಿದ್ದರೆ ನಾಣ್ಯವನ್ನು ಎರಡು ಮೆಟ್ಟಲು ಕೆಳಗಿಳಿಸುತ್ತದೆ. ಹೆಣ್ಣು ನೋಡಲು ಹೋದ ಹಿರಿಯರಂತೆ ಎಲ್ಲರೂ ಮೊದಲು ಮುಖವನ್ನೇ ನೋಡುತ್ತಾರೆ! ಸ್ಥೂಲವಾಗಿ ಹೇಳುವುದಾದರೆ, ಕೆನ್ನೆಯ ತುಂಬ ಕಚ್ಚುಗಳಿದ್ದು ಹೊಳಪು ಮಂದವಾಗಿದ್ದರೆ 60 ಅಥವಾ 61, ಪೇಟೆಯಲ್ಲಿ ಸಾಮಾನ್ಯವಾಗಿ ಕಾಣುವುದು 63, ಬರಿಗಣ್ಣಿಗೆ ದೊಡ್ಡ ಕಚ್ಚು ಕಾಣದೆ ತುಂಬು ಹೊಳಪಿದ್ದರೆ 65. ಪೀಸ್ ಡಾಲರಿನಲ್ಲಿ ಉಬ್ಬು ಕಡಿಮೆ, ಬಯಲು ಹೆಚ್ಚು. ಆದ್ದರಿಂದ ಅಲ್ಲಿ ಕಚ್ಚನ್ನು ಮುಚ್ಚಿಡಲು ಜಾಗವೇ ಇಲ್ಲ.

ದರ್ಜೆಯೊಂದಿಗೆ ಬೆಲೆ ಹೇಗೆ ಜಿಗಿಯುತ್ತದೆಂಬುದಕ್ಕೆ ಎರಡು ನಾಣ್ಯಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. 1881ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರು 1,27,60,000 ಅಚ್ಚಾದವು, 1886ರ ನ್ಯೂ ಆರ್ಲಿಯನ್ಸ್ ಡಾಲರು 1,07,10,000. ಸವೆದ ಸ್ಥಿತಿಯಲ್ಲಿ ಎರಡಕ್ಕೂ ಹೆಚ್ಚುಕಡಿಮೆ ಬೆಳ್ಳಿಯ ಬೆಲೆಯೇ. ಆದರೆ ಮೊದಲನೆಯದು ಹೇರಳವಾಗಿ ಭದ್ರಕೋಣೆಗಳಲ್ಲೇ ಉಳಿದು, ಅಚ್ಚಿನ ಪೆಟ್ಟೂ ಚೊಕ್ಕವಾಗಿದ್ದುದರಿಂದ, 65ರ ದರ್ಜೆಯಲ್ಲಿಯೂ ಮಧ್ಯಮ ವರ್ಗದ ಕುಟುಂಬ ಕೊಳ್ಳುವಂತಿದೆ. ಎರಡನೆಯದು ಆ ದರ್ಜೆಯಲ್ಲಿ ಬಂದರೆ ಹರಾಜಿನ ಕಟ್ಟೆಯಲ್ಲಿ ಲಕ್ಷ ಡಾಲರನ್ನು ಮೀರುತ್ತದೆ. 1884ರ ಸ್ಯಾನ್ ಫ್ರಾನ್ಸಿಸ್ಕೊ ಡಾಲರಿನದು ಇನ್ನೂ ಕುತೂಹಲದ ಸಂಗತಿ. ‘ವೆರಿ ಫೈನ್’ ಸ್ಥಿತಿಯಲ್ಲಿ ಕೆಲವು ಹತ್ತು ಡಾಲರುಗಳಿಗೆ ಸಿಕ್ಕುವ ಅದು, 58ಕ್ಕೆ ಬರುವಷ್ಟರಲ್ಲಿ ಸಾವಿರಗಳನ್ನು ಮುಟ್ಟುತ್ತದೆ, 60ರ ಗಡಿ ದಾಟಿದರೆ ಹತ್ತು ಸಾವಿರಗಳ ಮಾತು. ಇಂಥ ನಾಣ್ಯದಲ್ಲಿ ಆ ಬೂದು ಮಂಕನ್ನು ಗುರುತಿಸಲಾರದವನು ಒಂದು ಮನೆ ಕಟ್ಟುವ ಹಣವನ್ನೇ ಕಳೆದುಕೊಳ್ಳಬಹುದು.

ಇನ್ನು ತೊಳೆಯುವ ವಿಚಾರ. ಇದನ್ನು ನಮ್ಮ ಮನೆಗಳ ತಾಯಂದಿರು ವಿಶೇಷವಾಗಿ ಗಮನಿಸಬೇಕೆಂದು ಕೋರುತ್ತೇವೆ. ಗದಗ ಸೀಮೆಯ ಒಂದು ಕುಟುಂಬದ ಮಗಳು ಅಮೆರಿಕದಿಂದ ವರುಷಕ್ಕೊಂದರಂತೆ ಹತ್ತು ಮಾರ್ಗನ್ ಡಾಲರುಗಳನ್ನು ತಂದೆ ತಾಯಿಗೆ ತಂದುಕೊಟ್ಟಿದ್ದಳು. ಎಲ್ಲವೂ 1881ರ ಸ್ಯಾನ್ ಫ್ರಾನ್ಸಿಸ್ಕೊದವು, ಚೆನ್ನಾಗಿ ಆರಿಸಿ ತಂದವು. ತಾಯಿ ಪ್ರತಿ ದೀಪಾವಳಿಯ ಅಮಾವಾಸ್ಯೆಗೆ ಅವನ್ನು ಹೊರತೆಗೆದು, ನಮ್ಮ ಎಲ್ಲರ ಮನೆಗಳಲ್ಲಿ ಬೆಳ್ಳಿ ಉಜ್ಜುವಂತೆ ವಿಭೂತಿ ಹಚ್ಚಿ ತಿಕ್ಕಿ, ಲಕ್ಷ್ಮೀಪೂಜೆಗೆ ಇಡುತ್ತಿದ್ದರು. ತಂದೆಯ ಶಸ್ತ್ರಚಿಕಿತ್ಸೆಗೆ ಹಣ ಬೇಕಾಗಿ ಮಗಳು ನಾಣ್ಯಗಳನ್ನು ಮರಳಿ ಒಯ್ದು ಅಲ್ಲಿಯ ವ್ಯಾಪಾರಿಗೆ ತೋರಿಸಿದಾಗ, ಆತ ಒಂದೊಂದನ್ನೇ ದೀಪದ ಕೆಳಗೆ ತಿರುಗಿಸಿ, ಬೆಳ್ಳಿಯ ಧಾರಣೆಯ ಲೆಕ್ಕ ಮಾತ್ರ ಹೇಳಿದ. ಅವಳು ಕೊಟ್ಟ ಬೆಲೆಯ ಮೂರರಲ್ಲೊಂದು ಪಾಲೂ ಬರಲಿಲ್ಲ. ವಿಷಯ ತಿಳಿದ ತಾಯಿ ಅಂದ ಮಾತು, “ದೇವರ ಮುಂದ ಕರ್ರಗಾದ ಬೆಳ್ಳಿ ಹೆಂಗ ಇಡೂದವ್ವಾ?” ಎಂದು. ನಾವು ಆ ತಾಯಿಯನ್ನು ದೂಷಿಸಲಾರೆವು. ನಮ್ಮ ಸಂಸ್ಕಾರದಲ್ಲಿ ಬೆಳಗಿದ ಬೆಳ್ಳಿಯೇ ಮಡಿಯ ಬೆಳ್ಳಿ. ತಂದುಕೊಟ್ಟವರು ಒಂದು ಮಾತು ಹೇಳಬೇಕಿತ್ತು.

ವಿಭೂತಿಯಾಗಲಿ, ಹುಣಿಸೆಹಣ್ಣಾಗಲಿ, ಅಂಗಡಿಯ ಬೆಳ್ಳಿಪುಡಿಯಾಗಲಿ, ತಿಕ್ಕಿದೊಡನೆ ಮೇಲೆ ಹೇಳಿದ ಸೂಕ್ಷ್ಮ ಗೆರೆಗಳು ಅಳಿಸಿ, ಅವುಗಳ ಜಾಗದಲ್ಲಿ ಕೂದಲೆಳೆಯಂಥ ಗೀರುಗಳು ಬೀಳುತ್ತವೆ. ನಾಣ್ಯ ಥಳಥಳಿಸುತ್ತದೆ, ಆದರೆ ಬೆಳಕಿನ ಚಕ್ರ ತಿರುಗುವುದಿಲ್ಲ. ದರ್ಜೆ ಕೊಡುವ ಸಂಸ್ಥೆಗಳು ಅಂಥದಕ್ಕೆ ಅಂಕಿಯನ್ನೇ ಕೊಡದೆ ‘ತೊಳೆದದ್ದು’ ಎಂದು ಬರೆದು ಹಿಂತಿರುಗಿಸುತ್ತವೆ. ಬೆಳ್ಳಿ ಕಪ್ಪಾಗುವುದು ಗಾಳಿಯಲ್ಲಿಯ ಗಂಧಕದಿಂದ. ಚೀಲದ ಬಟ್ಟೆಗೆ ತಾಗಿಕೊಂಡು ದಶಕಗಳ ಕಾಲ ಮಲಗಿದ್ದ ಕೆಲವು ಡಾಲರುಗಳಿಗೆ ಹೊಂಬಣ್ಣ, ನೇರಳೆ, ನವಿಲುನೀಲಿಯ ಪಟ್ಟೆಗಳು ಬಂದಿರುತ್ತವೆ. ಇಂಥದಕ್ಕೆ ಹೆಚ್ಚು ಬೆಲೆ ಕೊಡುವವರಿದ್ದಾರೆ. ಅದನ್ನು ಕಂಡು ರಾಸಾಯನಿಕಗಳಿಂದ ಬಣ್ಣ ಬರಿಸುವವರೂ ಹುಟ್ಟಿಕೊಂಡಿದ್ದಾರೆ. ಪೂಜೆಗೆ ಬೇಕಾದರೆ ಸವೆದ ಸಾಧಾರಣ ಡಾಲರನ್ನೋ ಈಗಲ್ ನಾಣ್ಯವನ್ನೋ ಇಡುವುದು ಲೇಸು.

ದರ್ಜೆಯ ಜಗಳ ತೀರಿಸಲೆಂದೇ ಪಿಸಿಜಿಎಸ್ ಎಂಬ ಸಂಸ್ಥೆ 1986ರಲ್ಲಿ, ಎನ್‌ಜಿಸಿ ಎಂಬುದು 1987ರಲ್ಲಿ ಕೆಲಸ ಆರಂಭಿಸಿದವು. ಪರಿಣತರು ನಾಣ್ಯವನ್ನು ಪರೀಕ್ಷಿಸಿ, ಅಂಕಿ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಪೆಟ್ಟಿಗೆಯಲ್ಲಿ ಮೊಹರು ಮಾಡುತ್ತಾರೆ. ಇದರಿಂದ ಅಸಲಿಯೇ ನಕಲಿಯೇ ಎಂಬ ಭಯ ಬಹಳ ಮಟ್ಟಿಗೆ ಕಳೆಯಿತು. ಆದರೆ ಪೆಟ್ಟಿಗೆಯ ಮೇಲಿನ ಅಂಕಿ ಬೆಲೆಯ ಭರವಸೆಯಲ್ಲ. ಷೇರು ಪೇಟೆಯ ಹಣ ಈ ಪೆಟ್ಟಿಗೆಗಳ ಕಡೆಗೆ ಹರಿದು, 1989ರಲ್ಲಿ 65ರ ದರ್ಜೆಯ ಸಾಧಾರಣ ಮಾರ್ಗನ್ ಡಾಲರುಗಳೂ ಕೆಲವು ನೂರು ಡಾಲರುಗಳಿಗೆ ಏರಿದವು. ಮುಂದಿನ ಕೆಲವೇ ವರ್ಷಗಳಲ್ಲಿ ಆ ಬೆಲೆಯ ಬಹುಪಾಲು ಕರಗಿತು. ನಿವೃತ್ತಿಯ ಹಣವನ್ನು ಅದರಲ್ಲಿ ಹೂಡಿದವರು ದಶಕಗಟ್ಟಲೆ ಕಾದರು. ಹೆಸರೇ ಕೇಳದ ಸಂಸ್ಥೆಗಳ ಪೆಟ್ಟಿಗೆಗಳೂ ಪೇಟೆಯಲ್ಲಿವೆ. ಅವುಗಳಲ್ಲಿ 67 ಎಂದು ಬರೆದದ್ದು ಬೇರೆಡೆ 62ಕ್ಕೂ ನಿಲ್ಲದಿರಬಹುದು. ಹೆಸರಾಂತ ಸಂಸ್ಥೆಗಳ ಪೆಟ್ಟಿಗೆಗಳನ್ನೂ ನಕಲು ಮಾಡುತ್ತಾರಾದ್ದರಿಂದ, ಮೇಲಿರುವ ಸಂಖ್ಯೆಯನ್ನು ಆ ಸಂಸ್ಥೆಯ ದಾಖಲೆಯಲ್ಲಿ ಹುಡುಕಿ, ಅಲ್ಲಿಯ ಚಿತ್ರದೊಡನೆ ತಾಳೆ ನೋಡಬೇಕು. ನಲವತ್ತು ಐವತ್ತು ಡಾಲರಿನ ನಾಣ್ಯವನ್ನು ಪರೀಕ್ಷೆಗೆ ಕಳಿಸುವುದು ಮಾತ್ರ ಲಾಭದ ಕೆಲಸವಲ್ಲ. ಶುಲ್ಕ, ಅಂಚೆ, ವಿಮೆ ಸೇರಿದರೆ ನಾಣ್ಯದ ಬೆಲೆಯನ್ನೇ ನುಂಗಿಬಿಡುತ್ತದೆ.

ಹಾಗಾದರೆ ಸಲ್ಲುವ ಬೆಲೆ ಯಾವುದು? ಅಮೆರಿಕದಲ್ಲಿ ‘ರೆಡ್ ಬುಕ್’ ಎಂಬ ವಾರ್ಷಿಕ ಬೆಲೆಪುಸ್ತಕ 1946ರಿಂದ ಬರುತ್ತಿದೆ. ಅದರಲ್ಲಿರುವುದು ಅಂಗಡಿಯವನು ಗಿರಾಕಿಗೆ ಮಾರುವ ಬೆಲೆಯ ಅಂದಾಜು. ಅಚ್ಚಾಗಿ ಕೈಗೆ ಬರುವಷ್ಟರಲ್ಲಿ ಹಳತಾಗಿರುತ್ತದೆ. 1963ರಲ್ಲಿ ಆರಂಭವಾದ ‘ಗ್ರೇ ಷೀಟ್’ ಎಂಬುದರಲ್ಲಿ ವ್ಯಾಪಾರಿಗಳು ತಮ್ಮತಮ್ಮಲ್ಲಿ ಕೊಳ್ಳುವ ಬೆಲೆ ಇರುತ್ತದೆ. ಇವೆರಡರ ನಡುವೆ ಎಲ್ಲೋ ನ್ಯಾಯವಾದ ಬೆಲೆಯಿದೆ. ಇವೆರಡಕ್ಕಿಂತಲೂ ಮಿಗಿಲಾದ ಸಾಕ್ಷಿ ಹರಾಜಿನಲ್ಲಿ ನಿಜವಾಗಿ ಸಂದ ಹಣ. ದೊಡ್ಡ ಹರಾಜು ಸಂಸ್ಥೆಗಳು ಹಿಂದಿನ ವರ್ಷಗಳ ಮಾರಾಟದ ದಾಖಲೆಯನ್ನು ಚಿತ್ರಸಹಿತ ಇಟ್ಟಿರುತ್ತವೆ. ಅದೇ ಇಸವಿ, ಅದೇ ಅಕ್ಷರ, ಅದೇ ಅಂಕಿಯ ಐದಾರು ಮಾರಾಟಗಳನ್ನು ನೋಡಿ ನಡುವಿನ ಬೆಲೆಯನ್ನು ಹಿಡಿಯಬೇಕು. ಹರಾಜಿನ ಬೆಲೆಯಲ್ಲಿ ಕೊಳ್ಳುವವನು ಕೊಟ್ಟ ಕಮಿಷನ್ನೂ ಸೇರಿರುತ್ತದಾದ್ದರಿಂದ, ಮಾರಿದವನ ಕೈಗೆ ಬಂದದ್ದು ಅದಕ್ಕಿಂತ ಕಡಿಮೆ. ಟೆಲಿವಿಷನ್ನಿನಲ್ಲಿ ‘ಕೊನೆಯ ಕೆಲವೇ ನಾಣ್ಯಗಳು’ ಎಂದು ಗಡಿಬಿಡಿ ಮಾಡಿ, ಚಂದದ ಮರದ ಡಬ್ಬಿಯಲ್ಲಿಟ್ಟು ಮಾರುವ 1921ರ ಡಾಲರುಗಳನ್ನು ಈ ದಾಖಲೆಯೊಡನೆ ಒಮ್ಮೆ ಹೋಲಿಸಿ ನೋಡಿರಿ. ಡಬ್ಬಿಗೆ ಎಷ್ಟು ಕೊಟ್ಟಿರೆಂದು ತಿಳಿಯುತ್ತದೆ.

ನಕಲಿಗಳ ವಿಷಯದಲ್ಲಿ ನಮ್ಮೂರಿನ ಅಕ್ಕಸಾಲಿಗರೇ ಸಹಾಯ ಮಾಡಬಲ್ಲರು. ಅವರ ಸೂಕ್ಷ್ಮ ತಕ್ಕಡಿಯಲ್ಲಿ ತೂಗಿಸಿರಿ. 26.73 ಗ್ರಾಂ ಎಂದರೆ ನಮ್ಮ ಹಳೆಯ ಲೆಕ್ಕದಲ್ಲಿ ಎರಡೂಕಾಲು ತೊಲಕ್ಕೆ ತುಸು ಹೆಚ್ಚು. ಸವೆತದಿಂದ ಕೊಂಚ ಇಳಿದಿರಬಹುದು, ಆದರೆ ಹೊಸದರಂತೆ ಕಾಣುವ ನಾಣ್ಯ 25 ಗ್ರಾಂ ತೂಗಿದರೆ ಅಥವಾ ಅಯಸ್ಕಾಂತಕ್ಕೆ ಅಂಟಿಕೊಂಡರೆ ಮುಂದೆ ನೋಡುವುದೇ ಬೇಡ. ಇನ್ನೊಂದು ಬಗೆಯ ಮೋಸದಲ್ಲಿ ನಾಣ್ಯ ಅಸಲಿ, ಅಕ್ಷರ ಮಾತ್ರ ನಕಲಿ. 1893ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಕೇವಲ ಒಂದು ಲಕ್ಷ ಡಾಲರು ಅಚ್ಚಾದ ಕಾರಣ ಸವೆದವೂ ಸಾವಿರಾರು ಡಾಲರು ತರುತ್ತವೆ. ಅದೇ ವರ್ಷದ ಫಿಲಡೆಲ್ಫಿಯಾ ಡಾಲರಿಗೆ ಒಂದು ಪುಟ್ಟ ಎಸ್ ಅಂಟಿಸಿ ಮಾರುವ ದಂಧೆ ಬಹಳ ಹಳೆಯದು. ತೂಕ ಸರಿಯಿರುತ್ತದೆ, ಬೆಳ್ಳಿಯೂ ಸರಿಯಿರುತ್ತದೆ. ಇಂಥ ದುಬಾರಿ ಇಸವಿಗಳನ್ನು ಮೊಹರಿನ ಪೆಟ್ಟಿಗೆಯಿಲ್ಲದೆ ಕೊಳ್ಳಲೇಬಾರದು.

ನಮ್ಮ ದೇಶದ ಹಳೆಯ ಪೇಟೆಗಳಲ್ಲಿ ಕೆಲವೊಮ್ಮೆ ಕೈಯಲ್ಲಿ ತ್ರಿಶೂಲ ಹಿಡಿದು ನಿಂತ ಸ್ತ್ರೀಯ ಚಿತ್ರದ ‘ಒನ್ ಡಾಲರ್’ ನಾಣ್ಯ ಬರುವುದುಂಟು. ಇದು ಅಮೆರಿಕದ್ದಲ್ಲ. ಹಾಂಗ್‌ಕಾಂಗ್ ಮತ್ತು ಮಲಯದ ಕಡೆಯ ವ್ಯಾಪಾರಕ್ಕೆಂದು ಬ್ರಿಟಿಷರು 1895ರಿಂದ ಮುಖ್ಯವಾಗಿ ಮುಂಬಯಿ ಟಂಕಸಾಲೆಯಲ್ಲಿ ಅಚ್ಚು ಹಾಕಿಸಿದ ಬೆಳ್ಳಿ ಡಾಲರು. ತೂಕ 26.96 ಗ್ರಾಂ. ಚೀನಾದ ಸರಾಫರು ಪರೀಕ್ಷಿಸಿ ಒತ್ತಿದ ಸಣ್ಣ ಮುದ್ರೆಗಳು ಕೆಲವದರ ಮೇಲಿರುತ್ತವೆ. ಇದರ ದರ್ಜೆಯನ್ನೂ ಹೊಳಪು, ಸವೆತಗಳ ಅದೇ ಕ್ರಮದಲ್ಲಿ ನೋಡಬೇಕು.

ನಾಣ್ಯವನ್ನು ಮೆತ್ತನೆಯ ಪಿವಿಸಿ ಚೀಲದಲ್ಲಿ ಇಡಬಾರದು. ಅದರಿಂದ ಒಸರುವ ಅಂಟು ಹಸಿರು ಕಲೆಯಾಗಿ ಬೆಳ್ಳಿಯನ್ನು ಕಚ್ಚುತ್ತದೆ. ರಬ್ಬರು ಪಟ್ಟಿ, ಸುದ್ದಿಪತ್ರಿಕೆಯ ಕಾಗದಗಳೂ ಒಳ್ಳೆಯವಲ್ಲ. ನಾಣ್ಯಗಳಿಗೆಂದೇ ಬರುವ ಗಟ್ಟಿ ಡಬ್ಬಿಗಳು ಸಿಕ್ಕುತ್ತವೆ. ಪ್ರತಿಯೊಂದಕ್ಕೂ ಒಂದು ಚೀಟಿಯಲ್ಲಿ ಇಸವಿ, ಟಂಕಸಾಲೆಯ ಅಕ್ಷರ, ಕೊಂಡ ದಿನ, ಕೊಟ್ಟ ಬೆಲೆ, ಅಂದಿನ ಬೆಳ್ಳಿಯ ಧಾರಣೆಗಳನ್ನು ಬರೆದಿಟ್ಟರೆ ಮುಂದೆ ಮಕ್ಕಳು ಪಾಲು ಮಾಡಿಕೊಳ್ಳುವಾಗ ತಕ್ಕಡಿಯೊಂದನ್ನೇ ನೆಚ್ಚಬೇಕಾಗುವುದಿಲ್ಲ. ಡಾಲರಿಗೆ ಪ್ರತಿಯಾಗಿ ಅಜ್ಜಿಯ ಕಾಲದ ರೂಪಾಯಿಗಳನ್ನು ಮಕ್ಕಳೊಡನೆ ಅಮೆರಿಕಕ್ಕೆ ಕಳಿಸುವ ಆಸೆ ಕೆಲವರಿಗಿರುತ್ತದೆ. 1972ರ ಪುರಾವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ ಪುರಾವಸ್ತುವೆನಿಸುತ್ತದೆ, ಅದನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಅಮೆರಿಕದ ಬೆಳ್ಳಿಯಿಂದಲೇ ಅಚ್ಚಾದ 1918, 1919, 1920ರ ರೂಪಾಯಿಗಳೂ ಈಗ ಆ ಗಡಿಯನ್ನು ದಾಟಿವೆ.